ಆಡಿಷನ್‌ನಲ್ಲಿ ಫೇಲಾಗುವುದು ಎಂದರೇನು?

ಕನ್ನಡದಲ್ಲಿ ಆಡಿಷನ್ ಅನ್ನು 'ಕೊಡುತ್ತಾರೆ'. ಕೊಟ್ಟ ಮೇಲೆ ಪಾಸಾಗುತ್ತಾರೆ, ಇಲ್ಲವೇ ಫೇಲಾಗುತ್ತಾರೆ. ಧಾರಾವಾಹಿಯಲ್ಲಿ ನಾಯಕಿಯ ತಂಗಿಯ ಪಾತ್ರಕ್ಕೆ ಹೋಗಿ ಬಂದ ಹುಡುಗಿಯೂ ಮನೆಯವರಿಗೆ ಹೇಳುವುದು ಇದೇ ಮಾತುಗಳಲ್ಲಿ. ಅಂಗಡಿಯಲ್ಲಿ ಹತ್ತು ಸೀರೆ ಬಿಚ್ಚಿಸಿ ಒಂದನ್ನು ಕೊಂಡರೆ ಉಳಿದ ಒಂಬತ್ತು ನಪಾಸಾದವು ಎಂದು ಯಾರೂ ಅನ್ನುವುದಿಲ್ಲ. ಪಾತ್ರಕ್ಕೆ ಹೊಂದುವವರನ್ನು ಆರಿಸುವ ಕೆಲಸಕ್ಕೆ ಪರೀಕ್ಷೆಯ ಈ ಭಾಷೆ ಎಲ್ಲಿಂದ ಅಂಟಿಕೊಂಡಿತು? ರೇಡಿಯೊದಿಂದ ಎಂಬುದು ನನ್ನ ಎಣಿಕೆ.

ರೇಡಿಯೊಗೆ ಮುಂಚೆ ನಮ್ಮಲ್ಲಿ ಈ ಮಾತಿನ ಅಗತ್ಯವೇ ಇರಲಿಲ್ಲ. 1884ರಲ್ಲಿ ಹುಟ್ಟಿದ ಗುಬ್ಬಿ ಕಂಪನಿಯಂಥ ವೃತ್ತಿನಾಟಕ ಮಂಡಳಿಗಳಿಗೆ ಬೇಕಾಗಿದ್ದುದು ಮೊದಲಿಗೆ ಕಂಠ. ಒಂದು ಹಾಡು ಹೇಳಿಸಿ, ದನಿ ಹಿಂದಿನ ಸಾಲಿಗೆ ಮುಟ್ಟೀತು ಎನ್ನಿಸಿದರೆ ಊಟ, ವಸತಿ, ಒಂದು ಬಾಲಪಾತ್ರ. ಅಲ್ಲಿಗೆ ಮಾತು ಮುಗಿಯಿತು. ಯಕ್ಷಗಾನದಲ್ಲಿ ಅಷ್ಟೂ ಇಲ್ಲ. ಮೇಳ ಸೇರಿದವನು ಪೂರ್ವರಂಗದ ಕೋಡಂಗಿ, ಬಾಲಗೋಪಾಲ ವೇಷಗಳಿಂದ ಹತ್ತುತ್ತಾ ಹೋಗಬೇಕು. ಭಾಗವತರ ಕಣ್ಣೆದುರೇ, ಪ್ರೇಕ್ಷಕರ ಮುಂದೆಯೇ, ವರ್ಷಗಟ್ಟಲೆ ಒರೆಗೆ ಹಚ್ಚುವ ಆ ಪದ್ಧತಿಗೆ ದಿನಾಂಕವಿಲ್ಲ, ಫಲಿತಾಂಶದ ಕಾಗದವಂತೂ ಇಲ್ಲವೇ ಇಲ್ಲ.

ಆಡಿಷನ್ ಪದದ ಬೇರು 'ಕೇಳು' ಎಂಬ ಅರ್ಥದ ಲ್ಯಾಟಿನ್ ಧಾತುವಿನಲ್ಲಿದೆ. ಆಡಿಯೊ, ಆಡಿಟೋರಿಯಂ ಅದರ ದಾಯಾದಿಗಳು. ಹಿಂದೆ ಲೆಕ್ಕವನ್ನು ಓದಿಸಿ ಕೇಳುತ್ತಿದ್ದುದರಿಂದ ಆಡಿಟ್ ಕೂಡ. ಬರೀ ಕೇಳುವುದು ಎಂಬ ಈ ಮೂಲ ಅರ್ಥಕ್ಕೆ ಆಕಾಶವಾಣಿಯಷ್ಟು ನಿಷ್ಠೆಯಿಂದ ನಡೆದುಕೊಂಡ ಸಂಸ್ಥೆ ನಮ್ಮಲ್ಲಿ ಬೇರೆ ಇರಲಾರದು.

ಮೈಸೂರಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ.ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಿಂದಲೇ ಬಾನುಲಿ ಆರಂಭಿಸಿದಾಗ ಹಾಡಲು ಕರೆಯುವುದು ಪರಿಚಯ, ಗೌರವಗಳ ಮೇಲೆ ನಡೆಯಬಹುದಾದ ಸಂಗತಿಯಾಗಿತ್ತು. ದೇಶದ ತುಂಬ ಕೇಂದ್ರಗಳು ಬೆಳೆದ ಮೇಲೆ ಅದು ಸಾಧ್ಯವಿರಲಿಲ್ಲ. 1952ರಲ್ಲಿ ವಾರ್ತಾ ಮತ್ತು ಪ್ರಸಾರ ಖಾತೆ ವಹಿಸಿಕೊಂಡ ಬಿ.ವಿ. ಕೇಸ್ಕರ್, ಸಿನಿಮಾ ಹಾಡುಗಳಿಗೆ ಕಡಿವಾಣ ಹಾಕಿದ್ದಕ್ಕೆ ಇಂದಿಗೂ ಬೈಸಿಕೊಳ್ಳುತ್ತಾರೆ. ಅವರ ಇನ್ನೊಂದು ಕೆಲಸದ ಪರಿಣಾಮ ಅದಕ್ಕಿಂತ ಆಳವಾದದ್ದು: ಬಾನುಲಿಯಲ್ಲಿ ಹಾಡುವವರನ್ನೆಲ್ಲ ಆಡಿಷನ್‌ಗೆ ಒಳಪಡಿಸಿ ಶ್ರೇಣಿ ಕೊಡುವ ವ್ಯವಸ್ಥೆಯನ್ನು ಅವರು ಬಿಗಿಗೊಳಿಸಿದರು. ಹಿಂದೂಸ್ತಾನಿ ಸಂಗೀತಗಾರರನ್ನು ಅಳೆಯುವ ಹೊಣೆ, ಸಂಗೀತಶಾಸ್ತ್ರಜ್ಞ ಭಾತಖಂಡೆಯವರ ಶಿಷ್ಯರೂ ಲಖನೌ ಸಂಗೀತ ಕಾಲೇಜಿನ ಪ್ರಾಂಶುಪಾಲರೂ ಆಗಿದ್ದ ಎಸ್.ಎನ್. ರತನ್‌ಜನ್‌ಕರ್ ಅವರ ಹೆಗಲಿಗೆ ಬಿತ್ತು. ತಲೆಮಾರುಗಳ ಘರಾನೆಯಲ್ಲಿ, ಅಂದರೆ ಗುರುಪರಂಪರೆಯಲ್ಲಿ, ಬೆಳೆದ ಉಸ್ತಾದರು ರಾಗಲಕ್ಷಣದ ಪ್ರಶ್ನೆಗಳಿಗೆ ಉತ್ತರ ಹೇಳಬೇಕೇ? ಮುಂಬಯಿಯ ಕಲಾವಿದರು ತಿರುಗಿಬಿದ್ದರು. ಅವರ ಸಿಟ್ಟು ನ್ಯಾಯವಾದದ್ದೇ. ಆದರೆ ಶಿಫಾರಸು ಪತ್ರ ಹಿಡಿದು ನಿಲಯದ ಬಾಗಿಲಿಗೆ ಬರಲಾಗದ ಸಣ್ಣ ಊರಿನ ಹಾಡುಗಾರ್ತಿಗೆ ಇದೇ ಪರೀಕ್ಷೆ ಬಾಗಿಲು ತೆರೆಯಿತು ಎಂಬುದನ್ನೂ ಮರೆಯುವಂತಿಲ್ಲ.

ಆ ಪರೀಕ್ಷೆಯ ಬಗೆಯನ್ನು ನೋಡಿ. ಸ್ಟುಡಿಯೊದಲ್ಲಿ ಮೈಕು, ತಂಬೂರಿ, ಪಕ್ಕವಾದ್ಯದವರು. ತೀರ್ಪುಗಾರರು ಬೇರೆ ಕೋಣೆಯಲ್ಲಿ, ಧ್ವನಿವರ್ಧಕದ ಮುಂದೆ. ಹಾಡುವವರು ಹೆಸರು ಹೇಳುವಂತಿಲ್ಲ. ತಮಗೆ ಬರುವ ಕೃತಿಗಳ ಪಟ್ಟಿಯನ್ನು ಮೊದಲೇ ಕೊಟ್ಟಿರಬೇಕು. ಅದರಲ್ಲಿ ಯಾವುದನ್ನು ಕೇಳುತ್ತಾರೋ ತಿಳಿಯದು. ಆಲಾಪನೆ ಕುದುರುವ ಹೊತ್ತಿಗೆ 'ಸಾಕು, ಮುಂದಿನದು' ಎಂಬ ಸೂಚನೆ ಬಂದರೂ ಬಂದೀತು. ತಲೆದೂಗುವವರಿಲ್ಲ, ಭಲೇ ಎನ್ನುವವರಿಲ್ಲ. ಕಚೇರಿಗಳಲ್ಲಿ ಪಳಗಿದವರೂ ಇಲ್ಲಿ ಬೆವರುವುದು ಈ ಮೌನಕ್ಕೆ. ಇಷ್ಟಾದ ಮೇಲೆ ಅಂಚೆಯಲ್ಲಿ ಬರುವುದು ಒಂದು ಅಕ್ಷರ: ಬಿ, ಬಿ-ಹೈ, ಎ, ಎಲ್ಲಕ್ಕೂ ಮೇಲೆ ಟಾಪ್.

ಆ ಅಕ್ಷರ ನಿಲಯದೊಳಗೆ ಉಳಿಯಲಿಲ್ಲ. ಅದು ನಿಗದಿಪಡಿಸಬೇಕಾಗಿದ್ದುದು ಪ್ರಸಾರದ ಅವಕಾಶ ಮತ್ತು ಸಂಭಾವನೆಯನ್ನು ಮಾತ್ರ. ರಾಮನವಮಿ ಕಚೇರಿಯ ಆಹ್ವಾನ ಪತ್ರಿಕೆಯಲ್ಲಿ ಗಾಯಕಿಯ ಹೆಸರಿನ ಕೆಳಗೆ 'ಆಕಾಶವಾಣಿ ಎ ಶ್ರೇಣಿ ಕಲಾವಿದೆ' ಎಂದು ಅಚ್ಚಾಗುತ್ತದೆ. ಸಂಗೀತ ಪಾಠದ ಮನೆಯ ಫಲಕದಲ್ಲೂ ಅದೇ. ಸುಗಮ ಸಂಗೀತ, ಜಾನಪದ, ನಾಟಕ ವಿಭಾಗಗಳಿಗೂ ಆಡಿಷನ್ ಬಂದುದರಿಂದ ಈ ಮಾತು ಊರೂರಿಗೆ ಹಬ್ಬಿತು. ಉದ್ಘೋಷಕರ ಆಯ್ಕೆಗೆ 'ಧ್ವನಿ ಪರೀಕ್ಷೆ' ಎಂಬ ಕನ್ನಡದ ಹೆಸರೂ ಇದೆ. ಒಮ್ಮೆ ಆಗದಿದ್ದರೆ ನಿಗದಿತ ಅವಧಿ ಕಾದು ಮತ್ತೆ ಅರ್ಜಿ ಹಾಕಬೇಕು. ಪಾಸು, ಫೇಲು, ಮರುಪರೀಕ್ಷೆ ಎಲ್ಲವೂ ಇಲ್ಲಿ ಅಕ್ಷರಶಃ ನಿಜ.

ಟಿ.ವಿ. ಹಾಡಿನ ಸ್ಪರ್ಧೆಗಳು ಜಿಲ್ಲಾ ಕೇಂದ್ರಗಳಲ್ಲಿ ಆಡಿಷನ್ ನಡೆಸತೊಡಗಿದಾಗ ಮಕ್ಕಳನ್ನು ಕರೆದುಕೊಂಡು ಸಾಲಿನಲ್ಲಿ ನಿಂತ ಹೆತ್ತವರು ರೇಡಿಯೊದ ಈ ನುಡಿಗಟ್ಟನ್ನು ಜೊತೆಗೇ ತಂದರು. ಹಾಡಿಗಾದರೆ ಅದು ಅಷ್ಟಿಷ್ಟು ಹೊಂದುತ್ತದೆ; ಶ್ರುತಿ ತಪ್ಪಿದರೆ ತಪ್ಪಿದಂತೆಯೇ. ಸಿನಿಮಾ, ಧಾರಾವಾಹಿಗೆ ಹೊಂದುವುದಿಲ್ಲ. ಅಲ್ಲಿ ಕೇಳುವುದಕ್ಕಿಂತ ನೋಡುವುದೇ ಹೆಚ್ಚು. ಮೊಬೈಲ್‌ನಲ್ಲಿ ತಾವೇ ಚಿತ್ರಿಸಿ ಕಳಿಸುವ ಆಡಿಷನ್‌ನಲ್ಲಿ ಮೊದಲು ಹೆಸರು, ವಯಸ್ಸು, ಎತ್ತರ, ಆಮೇಲೆ ಎಡಕ್ಕೊಮ್ಮೆ, ಬಲಕ್ಕೊಮ್ಮೆ ಮುಖ ತಿರುಗಿಸುವುದು, ಸಂಭಾಷಣೆ ಕೊನೆಗೆ. ಅಣ್ಣನ ಪಾತ್ರಕ್ಕೆ ಆಯ್ಕೆಯಾದವನು ಎತ್ತರವಿದ್ದರೆ ಕುಳ್ಳಗಿರುವ ತಂಗಿಗೆ ಅವಕಾಶ ತಪ್ಪಬಹುದು. ಅದು ಅವಳ ಅಭಿನಯದ ಮೇಲಿನ ತೀರ್ಪಲ್ಲ.

ಈ ಗೊಂದಲ ಬರೀ ಬೇಸರದಲ್ಲಿ ಮುಗಿದಿದ್ದರೆ ಇಷ್ಟು ಬರೆಯಬೇಕಾಗಿರಲಿಲ್ಲ. ಆಕಾಶವಾಣಿಯ ಆಡಿಷನ್‌ಗೆ ಅರ್ಜಿ ಶುಲ್ಕವಿದೆ; ಪರೀಕ್ಷೆ ಎಂದ ಮೇಲೆ ಶುಲ್ಕ ಸಹಜ ಎಂದು ನಾವು ಒಪ್ಪಿದ್ದೇವೆ. ನಕಲಿ ಆಡಿಷನ್ ನಡೆಸುವವರು ಹಿಡಿಯುವುದು ಈ ಎಳೆಯನ್ನೇ. ವಾಟ್ಸ್‌ಆ್ಯಪ್‌ನಲ್ಲಿ ಪೋಸ್ಟರ್ ಹಂಚಿ, ಮೊದಲು ನೋಂದಣಿಗೆ ಸ್ವಲ್ಪ ಹಣ, 'ಮೊದಲ ಸುತ್ತು ಪಾಸಾಗಿದ್ದೀರಿ' ಎಂದು ಹೇಳಿ ಪೋರ್ಟ್‌ಫೋಲಿಯೊಗೆ ಇನ್ನಷ್ಟು ಕೇಳುತ್ತಾರೆ. ಪಾತ್ರಕ್ಕೆ ನಿಜವಾಗಿಯೂ ನಟರನ್ನು ಹುಡುಕುತ್ತಿರುವ ನಿರ್ಮಾಪಕರು ಸಂಭಾವನೆ ಕೊಡಬೇಕಾದವರು. ಆಡಿಷನ್‌ಗೆ ಬಂದವರಿಂದ ಅವರು ಹಣ ಕೇಳಬೇಕಾದ ಕಾರಣವೇ ಇಲ್ಲ.