ಸುಡಾನಿನ ಮಕ್ಕಳು: ಅನಾಥ, ಬೇರ್ಪಟ್ಟ, ಒಂಟಿ ಮೂರೂ ಒಂದೇ ಅಲ್ಲ

ಸುಡಾನಿನ ಯುದ್ಧದಲ್ಲಿ ಮನೆಯವರಿಂದ ದೂರವಾದ ಮಕ್ಕಳ ಪಾಠದಲ್ಲಿ ನಾನು ಎರಡು ದಿನ ಒಂದೇ ಕಡೆ ಸಿಕ್ಕಿಹಾಕಿಕೊಂಡಿದ್ದೆ. ನಿನ್ನೆ ರಾತ್ರಿ ಗಂಟು ಬಿಚ್ಚಿತು. ಮರೆಯೋ ಮೊದಲು ಬರೆದಿಡುತ್ತಿದ್ದೇನೆ.

ಹಿನ್ನೆಲೆ, ಬೇಗ ಬೇಗ

ಸುಡಾನಿನ ಮೊದಲ ಅಂತರ್ಯುದ್ಧ 1972ರಲ್ಲಿ ಅಡಿಸ್ ಅಬಾಬಾ ಒಪ್ಪಂದದಿಂದ ನಿಂತಿತು. ದಕ್ಷಿಣಕ್ಕೆ ಸ್ವಂತ ಆಡಳಿತ ಸಿಕ್ಕಿತು. 1983ರಲ್ಲಿ ಅಧ್ಯಕ್ಷ ನಿಮೇರಿ ಅದನ್ನು ಕಿತ್ತುಹಾಕಿ ಷರಿಯಾ ಕಾನೂನನ್ನೂ ತಂದರು. ಜಾನ್ ಗರಾಂಗ್ ನಾಯಕತ್ವದಲ್ಲಿ ದಕ್ಷಿಣದ ಬಂಡುಕೋರ ಸೇನೆ ಎಸ್‌ಪಿಎಲ್‌ಎ ದಂಗೆ ಎದ್ದಿತು. ಈ ಎರಡನೇ ಯುದ್ಧ ಮುಗಿದದ್ದು 2005ರ ಒಪ್ಪಂದದಿಂದ.

1987ರ ಹೊತ್ತಿಗೆ ದಕ್ಷಿಣದ ಡಿಂಕಾ, ನುಯೆರ್ ಸಮುದಾಯಗಳ ಹಳ್ಳಿಗಳಿಗೆ ಬೆಂಕಿ ಬೀಳುತ್ತಿತ್ತು. ಎಷ್ಟೋ ಹುಡುಗರು ಆಗ ದನ ಕಾಯುತ್ತಾ ಮನೆಯಿಂದ ದೂರ ಇದ್ದರು. ಬದುಕಿದ್ದು ಅದಕ್ಕೇ. ಹೊಗೆ ಕಂಡು ಕಾಡಿಗೆ ಓಡಿದವರು ಗುಂಪು ಕಟ್ಟಿಕೊಂಡು ಪೂರ್ವಕ್ಕೆ, ಇಥಿಯೋಪಿಯಾಕ್ಕೆ ನಡೆದರು. ಬಿಸಿಲಿಗೂ ಬಾಂಬರ್ ವಿಮಾನಗಳಿಗೂ ಹೆದರಿ ಜಾಸ್ತಿ ನಡೆದದ್ದು ರಾತ್ರಿಯಲ್ಲೇ. ಅಲ್ಲಿನ ಪಿನ್ಯುಡೊದಂಥ ನಿರಾಶ್ರಿತರ ಶಿಬಿರಗಳಲ್ಲಿ ಅನ್ನ, ಪಾಠ ಸಿಕ್ಕಿತು. ಆದರೆ ಎಸ್‌ಪಿಎಲ್‌ಎ ಅಲ್ಲಿಂದಲೇ ಹುಡುಗರನ್ನು ಸೈನ್ಯಕ್ಕೂ ಎಳೆದುಕೊಂಡಿತು. ಇದನ್ನು ಬಿಟ್ಟು ಓದಿದರೆ ಕಥೆ ಅರ್ಧವೇ.

1991ರ ಮೇ ತಿಂಗಳಲ್ಲಿ ಇಥಿಯೋಪಿಯಾದ ಮೆಂಗಿಸ್ಟು ಸರ್ಕಾರ ಬಿತ್ತು. ಮಕ್ಕಳನ್ನು ಅಲ್ಲಿಂದಲೂ ಓಡಿಸಿದರು. ಎದುರಿಗೆ ತುಂಬಿ ಹರಿಯುವ ಗಿಲೋ ಹೊಳೆ, ಹಿಂದಿನಿಂದ ಗುಂಡು. ಈಜು ಬಾರದ ಎಷ್ಟೋ ಮಕ್ಕಳು ನೀರುಪಾಲಾದರು. ಉಳಿದವರು 1992ರಲ್ಲಿ ಕೀನ್ಯಾ ಸೇರಿದರು. ವಾಯವ್ಯ ಕೀನ್ಯಾದ ಒಣನೆಲದಲ್ಲಿ ಅವರಿಗಾಗಿ ಎದ್ದದ್ದೇ ಕಕುಮಾ ಶಿಬಿರ.

ನಾನು ಎಡವಿದ್ದು ಇಲ್ಲಿ

ನನ್ನ ಟಿಪ್ಪಣಿಯಲ್ಲಿ ಮೊದಲು ಎಲ್ಲ ಕಡೆ "ಅನಾಥ ಮಕ್ಕಳು" ಅಂತಲೇ ಬರೆದಿದ್ದೆ. ತಪ್ಪು. ಪದಗಳು ಮೂರಿವೆ.

ಅನಾಥ ಅಂದರೆ ಅಪ್ಪ, ಅಮ್ಮ ಇಬ್ಬರೂ ತೀರಿಕೊಂಡಿದ್ದಾರೆ ಅಂತ ಖಚಿತವಾಗಿರುವ ಮಗು.

ಬೇರ್ಪಟ್ಟ ಮಗು ಅಂದರೆ ಹೆತ್ತವರಿಂದ, ಅಥವಾ ಸಾಕುತ್ತಿದ್ದವರಿಂದ ದೂರವಾದ ಮಗು. ಆದರೆ ಜೊತೆಗೆ ಅತ್ತೆಯೋ, ಚಿಕ್ಕಪ್ಪನೋ, ಬೇರೆ ಯಾರಾದರೂ ನೆಂಟರೋ ಇರಬಹುದು.

ಒಂಟಿ ಮಗು ಅಂದರೆ ಹೆತ್ತವರೂ ಇಲ್ಲ, ನೆಂಟರೂ ಇಲ್ಲ, ನೋಡಿಕೊಳ್ಳುವ ಹೊಣೆ ಇರುವ ದೊಡ್ಡವರು ಯಾರೂ ಇಲ್ಲ.

ನಾನು ಯಾಕೆ ಗೊಂದಲಕ್ಕೆ ಬಿದ್ದೆ ಅಂದರೆ, ಪಾಠದಲ್ಲಿ ಬರುವ ಪ್ರತಿ ಮಗುವಿನ ಬಗ್ಗೆ ಮೊದಲು "ಅಪ್ಪ ಅಮ್ಮ ಬದುಕಿದ್ದಾರಾ?" ಅಂತ ಕೇಳುತ್ತಿದ್ದೆ. ಯುದ್ಧದ ನಡುವೆ ಅದಕ್ಕೆ ಉತ್ತರ ಯಾರ ಹತ್ತಿರ ಇರುತ್ತೆ? ಏಳು ವರ್ಷದ ಹುಡುಗ ನೋಡಿದ್ದು ಉರಿಯುವ ಹಳ್ಳಿಯನ್ನು. ಅವನ ಅಮ್ಮ ಇನ್ನೊಂದು ದಿಕ್ಕಿಗೆ ಓಡಿರಬಹುದು. ಮೊದಲು ಕೇಳಬೇಕಾದ್ದು: "ಈಗ ಈ ಮಗುವಿನ ಜೊತೆ ಯಾರಿದ್ದಾರೆ?" ಇದಕ್ಕೆ ಉತ್ತರ ಕಣ್ಣೆದುರೇ ಇರುತ್ತೆ. ನೆಂಟರಿದ್ದರೆ ಬೇರ್ಪಟ್ಟ ಮಗು. ಯಾರೂ ಇಲ್ಲದಿದ್ದರೆ ಒಂಟಿ ಮಗು. ಅನಾಥ ಅನ್ನುವುದು ಕೊನೆಗೆ, ಹುಡುಕಾಟವೆಲ್ಲ ಮುಗಿದ ಮೇಲೆ. ಈ ಕ್ರಮ ಹಿಡಿದ ಮೇಲೆ ನನ್ನಿಂದ ಒಂದೂ ತಪ್ಪಾಗಿಲ್ಲ.

ಇದು ಬರೀ ಪದದ ಜಗಳ ಅಲ್ಲ. 2004ರಲ್ಲಿ ರೆಡ್ ಕ್ರಾಸ್, ಯುನಿಸೆಫ್, ವಿಶ್ವಸಂಸ್ಥೆಯ ನಿರಾಶ್ರಿತರ ಸಂಸ್ಥೆ ಮತ್ತಿತರರು ಸೇರಿ ಒಂದು ಮಾರ್ಗಸೂಚಿ ತಂದರು. ಮಗುವಿಗೆ ಎಲ್ಲೋ ತನ್ನವರು ಇದ್ದಾರೆ ಅಂತಲೇ ನಂಬಿ ಕೆಲಸ ಶುರುಮಾಡಿ ಅನ್ನುವುದು ಅದರ ಜೀವಾಳ. "ಅನಾಥ" ಅಂತ ಬರೆದುಬಿಟ್ಟರೆ ಹುಡುಕುವವರು ಸುಮ್ನಾಗುತ್ತಾರೆ. ದತ್ತು ಕೊಡುವ ಮಾತು ಬರುತ್ತೆ. ಅತ್ತ ಅಮ್ಮ ಇನ್ನೊಂದು ಶಿಬಿರದಲ್ಲಿ ಮಗುವಿಗಾಗಿ ಹುಡುಕುತ್ತಿರಬಹುದು.

ಹುಡುಗಿಯರು ಎಲ್ಲಿ ಹೋದರು?

ಓದಿ ಹೊಟ್ಟೆ ಉರಿದ ಭಾಗ ಇದು. 2000-01ರ ಸುಮಾರಿಗೆ ಕಕುಮಾದಿಂದ ಹೀಗೆ ಬಂದವರಲ್ಲಿ ಸುಮಾರು 3,800 ಮಂದಿಯನ್ನು ಅಮೆರಿಕ ತನ್ನಲ್ಲಿ ನೆಲೆಸಲು ಕರೆಸಿಕೊಂಡಿತು. ಅವರಲ್ಲಿ ಹುಡುಗಿಯರು ನೂರೂ ಇರಲಿಲ್ಲ. ದಾರಿ ನಡೆದು ಬಂದ ಹುಡುಗಿಯರೂ ಇದ್ದರು ತಾನೇ?

ಮೇಲಿನ ಪದಗಳನ್ನು ಇಲ್ಲಿ ಇಟ್ಟು ನೋಡಿ. ಹುಡುಗರು ಗುಂಪಾಗಿ ಉಳಿದರು, ತಾವೇ ಅಡುಗೆ ಮಾಡಿಕೊಂಡರು. ಶಿಬಿರದ ಪಟ್ಟಿಯಲ್ಲಿ ಅವರು "ಒಂಟಿ ಮಕ್ಕಳು". ಹುಡುಗಿಯರನ್ನು ಮಾತ್ರ ಸಮುದಾಯದ ಪದ್ಧತಿಯಂತೆ ಸಾಕು ಮನೆಗಳಿಗೆ ಒಪ್ಪಿಸಿದರು. ಮನೆಗೆ ಸೇರಿದ ಕೂಡಲೇ ಅವರು "ಒಂಟಿ" ಪಟ್ಟಿಯಿಂದ ಹೊರಗೆ. ಎಷ್ಟೋ ಮನೆಗಳಲ್ಲಿ ಅವರು ನೀರು ಹೊರುವ ಕೈ ಆದರು, ಮದುವೆಯಲ್ಲಿ ಗಂಡಿನ ಕಡೆಯಿಂದ ಸಾಕಿದ ಮನೆಗೆ ದನಗಳನ್ನು ತರುವ ಹುಡುಗಿ ಆದರು. ಅಮೆರಿಕದ ಆಯ್ಕೆ ನಡೆದಾಗ ಅವರ ಹೆಸರು ಹುಡುಕಲು ಪಟ್ಟಿಯೇ ಇರಲಿಲ್ಲ. ಸಾಕು ಮನೆ ಸಿಕ್ಕರೆ ಮುಗೀತು ಅಂದುಕೊಂಡಿದ್ದೆ. ಹಾಗಲ್ಲ. ಆ ಮನೆಗೆ ಆಗಾಗ ಹೋಗಿ ನೋಡುವವರು ಬೇಕು.

ಎರಡು ಬಿಡಿ ಅಂಶ

ಅಮೆರಿಕಕ್ಕೆ ಹೋದವರಲ್ಲಿ ತುಂಬಾ ಜನರ ಹುಟ್ಟಿದ ದಿನ ಕಾಗದದ ಮೇಲೆ ಜನವರಿ 1. ದಿನಾಂಕ ಗೊತ್ತಿಲ್ಲದ್ದರಿಂದ ವಯಸ್ಸು ಅಂದಾಜು ಮಾಡಿ ಹಾಗೆ ಬರೆದುಕೊಂಡರು.

ಇನ್ನೊಂದು, ರೆಡ್ ಕ್ರಾಸ್ ಸಂದೇಶ, ಅಂದರೆ ಬೇರೆಯಾದ ಮನೆಯವರ ನಡುವೆ ರೆಡ್ ಕ್ರಾಸ್ ತಲುಪಿಸುವ ಪತ್ರ. ಅದು ಲಕೋಟೆ ಇಲ್ಲದ ತೆರೆದ ಕಾಗದ. ಯಾರು ಬೇಕಾದರೂ ಓದಬಹುದು, ಅದಕ್ಕೇ ಮನೆಯ ಸುದ್ದಿ ಮಾತ್ರ ಬರೆಯಬೇಕು. ಹಳ್ಳಿಯೇ ಸುಟ್ಟು ಹೋದ ಮೇಲೆ ವಿಳಾಸ ಏನಂತ ಬರೆಯೋದು? ಹೆಸರುಗಳೇ ಗುರುತು. ಡಿಂಕಾ ಮಗುವಿನ ಹೆಸರಿನ ಹಿಂದೆ ಅಪ್ಪನ ಹೆಸರು, ಅದರ ಹಿಂದೆ ಅಜ್ಜನ ಹೆಸರು ಇರುತ್ತೆ. ಊರಿನ ದಾರಿ ಹೇಳಲು ಬಾರದ ಮಗುವೂ ಈ ಮೂರು ಹೆಸರು ಹೇಳಬಲ್ಲದು. ಹುಡುಕಾಟ ಶುರುವಾಗೋದು ಅಲ್ಲಿಂದ.