ವೇಟಿಂಗ್ ರೂಮ್ ಜಾಹೀರಾತು: 16 × 40 ಯಾಕೆ 640 ಅಲ್ಲ

ಈ ಟೀಮಿಗೆ ಸೇರಿ ಆರು ವಾರ ಆಯಿತು. ಕೂರುವುದು ಬೆಂಗಳೂರಿನಲ್ಲಿ, ಲೆಕ್ಕ ಇಡುವುದು ಅಮೆರಿಕದ ಡಾಕ್ಟರುಗಳ ವೇಟಿಂಗ್ ರೂಮಿನ ಗೋಡೆಗೆ ತಗುಲಿಹಾಕಿದ ಟಿವಿಗಳದ್ದು. ಡಾಕ್ಟರ್ ಚೀಟಿ ಇಲ್ಲದೆ ಸಿಗದ ಮಾತ್ರೆಗಳನ್ನೂ ಅಲ್ಲಿ ಕಂಪನಿಗಳು ನೇರವಾಗಿ ರೋಗಿಗಳಿಗೇ ಜಾಹೀರಾತು ಮಾಡಬಹುದು. ಅಮೆರಿಕ, ನ್ಯೂಜಿಲೆಂಡ್ ಬಿಟ್ಟರೆ ಹೀಗೆ ರಾಜಾರೋಷವಾಗಿ ಬಿಡುವ ದೇಶ ಸಿಗುವುದು ಕಷ್ಟ. ಇನ್ನು ಹತ್ತು ನಿಮಿಷಕ್ಕೆ ಡಾಕ್ಟರ ಮುಂದೆ ಕೂರುವವರ ಕಿವಿಗೆ ಸಕ್ಕರೆ ಕಾಯಿಲೆಯ ಒಂದು ಮಾತ್ರೆಯ ಹೆಸರು ಬಿದ್ದರೆ, ಒಳಗೆ ಹೋಗಿ ಅದನ್ನೇ ಕೇಳಿಯಾರು ಅನ್ನುವ ಆಸೆಯ ಮೇಲೆ ಈ ವ್ಯಾಪಾರ ನಿಂತಿದೆ. ನನ್ನ ಪಾಲಿನ ಕೆಲಸದಲ್ಲಿ ಎರಡು ಪ್ರಶ್ನೆ: ದುಡ್ಡು ತೆಗೆದುಕೊಂಡ ಜಾಹೀರಾತು ನಿಜಕ್ಕೂ ಓಡಿತೇ? ಓಡಿದ್ದನ್ನು ಎಷ್ಟು ಜನ ನೋಡಿರಬಹುದು? ಎರಡನೆಯದರಲ್ಲಿ ಮುಗ್ಗರಿಸಿ ಬಿದ್ದೆ. ಮರೆಯುವ ಮುಂಚೆ ಬರೆದಿಡುತ್ತಿದ್ದೇನೆ, ಹೊಸದಾಗಿ ಬರುವವರಿಗೂ ಆದೀತು.

ಬಿದ್ದ ಜಾಗ

ಒಂದು ಕ್ಲಿನಿಕ್ ಅಂದುಕೊಳ್ಳಿ. ಅಂಕಿಗಳೆಲ್ಲ ಲೆಕ್ಕ ಸಲೀಸಾಗಲಿ ಅಂತ ನಾನೇ ಹಾಕಿದ್ದು. ದಿನಕ್ಕೆ 8 ಗಂಟೆ ಬಾಗಿಲು ತೆರೆದಿರುತ್ತದೆ, 40 ರೋಗಿಗಳು ಬರುತ್ತಾರೆ, ಒಬ್ಬೊಬ್ಬರು 18 ನಿಮಿಷ ಕಾಯುತ್ತಾರೆ. ಟಿವಿಯಲ್ಲಿ 30 ನಿಮಿಷದ ಲೂಪ್: ಆಹಾರದ ಸಲಹೆ, ನಡಿಗೆಯ ಸಲಹೆ, ನಡುನಡುವೆ ಜಾಹೀರಾತು, ಮುಗಿದರೆ ಮತ್ತೆ ಮೊದಲಿಂದ. ನಮ್ಮ 30 ಸೆಕೆಂಡಿನ ಜಾಹೀರಾತು ಲೂಪಿಗೆ ಒಂದು ಸಲ. ಅಂದರೆ ದಿನಕ್ಕೆ 16 ಪ್ಲೇ.

ನಾನು ಹಾಕಿದ್ದು 16 × 40 = 640 ಇಂಪ್ರೆಷನ್ (ಒಬ್ಬರು ಒಂದು ಸಲ ನೋಡಿದರೆ ಒಂದು ಇಂಪ್ರೆಷನ್). ಎಕ್ಸೆಲ್‌ನಲ್ಲಿ ಸಾಲು ಎಳೆದೆ, ಚಾರ್ಟ್ ಚೆಂದ ಬಂತು, ಕಳಿಸಿದೆ. ರಿವ್ಯೂ ಮಾಡುವ ಹಿರಿಯರು ಕೇಳಿದ್ದು ಒಂದೇ ಪ್ರಶ್ನೆ: "ಬೆಳಿಗ್ಗೆ ಎಂಟಕ್ಕೆ ಬಂದು ಎಂಟೂಕಾಲಿಗೆ ಒಳಗೆ ಹೋದವರು ಮಧ್ಯಾಹ್ನ ಮೂರರ ಪ್ಲೇ ಹೇಗೆ ನೋಡಿದರು?"

640 ಆಗಬೇಕಾದರೆ ನಲವತ್ತೂ ಜನ ಬೆಳಿಗ್ಗೆಯಿಂದ ಸಂಜೆವರೆಗೆ ಅಲ್ಲೇ ಬುತ್ತಿ ಕಟ್ಟಿಕೊಂಡು ಕೂತಿರಬೇಕು. ಪ್ಲೇ ಅನ್ನುವುದು ಟಿವಿಗೆ ಸಂಬಂಧಿಸಿದ ಸಂಖ್ಯೆ, ರೋಗಿಗಳು ಅನ್ನುವುದು ಬಾಗಿಲಿಗೆ ಸಂಬಂಧಿಸಿದ ಸಂಖ್ಯೆ. ಎರಡನ್ನೂ ನೇರ ಗುಣಿಸಿದರೆ ಅರ್ಥವೇ ಇಲ್ಲ. ಬೇಕಾದದ್ದು: ಒಂದು ಪ್ಲೇ ಓಡುವ ಹೊತ್ತಿನಲ್ಲಿ ರೂಮಿನಲ್ಲಿ ಸರಾಸರಿ ಎಷ್ಟು ಜನ ಕೂತಿದ್ದಾರೆ?

ಇದು ನನ್ನ ತಲೆಗೆ ಇಳಿಯಲು ಎರಡು ದಿನ ಬೇಕಾಯಿತು, ಆದ್ದರಿಂದ ನಿಧಾನವಾಗಿ ಹೇಳುತ್ತೇನೆ. 8 ಗಂಟೆಗೆ 40 ಜನ ಅಂದರೆ ಗಂಟೆಗೆ 5 ಜನ. ಒಬ್ಬೊಬ್ಬರು ಇರುವುದು 18 ನಿಮಿಷ, ಅಂದರೆ 0.3 ಗಂಟೆ. 5 × 0.3 = 1.5. ಯಾವ ಕ್ಷಣದಲ್ಲಿ ಬಾಗಿಲು ಸರಿಸಿ ಇಣುಕಿದರೂ ಸರಾಸರಿ ಒಂದೂವರೆ ಜನ. ಇದಕ್ಕೆ ಲಿಟ್ಲ್‌ನ ನಿಯಮ ಅನ್ನುತ್ತಾರೆ. 1961ರಲ್ಲಿ ಜಾನ್ ಲಿಟ್ಲ್ ಸಾಧಿಸಿ ತೋರಿಸಿದ್ದು. ಬರುವ ವೇಗ ಗುಣಿಸು ಇರುವ ಹೊತ್ತು, ಅಷ್ಟೇ. ಈಗ 16 ಪ್ಲೇ × 1.5 ಜನ = 24.

ನಂಬಿಕೆ ಬರದಿದ್ದರೆ ರೋಗಿಯ ಕಡೆಯಿಂದ ಬನ್ನಿ. 30 ನಿಮಿಷದ ಲೂಪಿನಲ್ಲಿ 18 ನಿಮಿಷ ಕೂತವರಿಗೆ ನಮ್ಮ ಜಾಹೀರಾತು ಸಿಗುವುದು ಸರಾಸರಿ 18/30 = 0.6 ಸಲ. 40 × 0.6 = 24. ಎರಡೂ ದಾರಿ ಒಂದೇ ಊರಿಗೆ ಬಂದಾಗ ನನಗೆ ಆದ ಸಮಾಧಾನ ಅಷ್ಟಿಷ್ಟಲ್ಲ. ಈಗ ಯಾವ ವರದಿ ಬಂದರೂ ಎರಡೂ ಕಡೆಯಿಂದ ಹಾಕಿ ನೋಡುತ್ತೇನೆ. ಹೊಂದದಿದ್ದರೆ ಎಲ್ಲೋ ಯಾರೋ ನನ್ನ ಹಾಗೆ 640 ಮಾಡಿದ್ದಾರೆ ಅಂತಲೇ ಅರ್ಥ.

24 ಅನ್ನುವುದು ಎಷ್ಟು ಜನ?

24 ಇಂಪ್ರೆಷನ್ ಅಂದರೆ 24 ಬೇರೆ ಬೇರೆ ಜನ ಅಂತಲ್ಲ. ಈ ಉದಾಹರಣೆಯಲ್ಲಿ ಹೌದು, ಯಾಕೆಂದರೆ 18 ನಿಮಿಷದಲ್ಲಿ ಯಾರಿಗೂ ಎರಡನೇ ಸಲ ಸಿಗುವುದಿಲ್ಲ. ಆದರೆ ಗಿರಾಕಿ ದುಡ್ಡು ಹೆಚ್ಚಿಗೆ ಕೊಟ್ಟು ಲೂಪಿಗೆ ಎರಡು ಸಲ ಹಾಕಿಸಿದರೆ? ಇಂಪ್ರೆಷನ್ ದುಪ್ಪಟ್ಟು, 48. ಇಲ್ಲಿಯವರೆಗೆ ಯಾರ ತಕರಾರೂ ಇಲ್ಲ. ರೀಚ್ (ಒಂದು ಸಲವಾದರೂ ನೋಡಿದ ಬೇರೆ ಬೇರೆ ಜನರ ಸಂಖ್ಯೆ) ಮಾತ್ರ ಆ ಎರಡನ್ನು ಲೂಪಿನಲ್ಲಿ ಎಲ್ಲಿ ಕೂರಿಸಿದರು ಅನ್ನುವುದರ ಮೇಲೆ ಹೋಗುತ್ತದೆ.

ಸಮವಾಗಿ 15 ನಿಮಿಷಕ್ಕೊಂದು ಇಟ್ಟರೆ, 18 ನಿಮಿಷ ಕೂತ ಪ್ರತಿಯೊಬ್ಬರಿಗೂ ಒಂದಾದರೂ ಸಿಗಲೇಬೇಕು: ರೀಚ್ 40ಕ್ಕೆ 40, ಅವರಲ್ಲಿ 8 ಜನಕ್ಕೆ ಎರಡು ಸಲ. ಅದೇ ಎರಡನ್ನು ಒಂದು ನಿಮಿಷದ ಅಂತರದಲ್ಲಿ ಅಕ್ಕಪಕ್ಕ ಇಟ್ಟರೆ ಆಮೇಲೆ 29 ನಿಮಿಷ ಖಾಲಿ. ಆ ಖಾಲಿಯ ಮೊದಲ 11 ನಿಮಿಷದೊಳಗೆ ಬಂದು ಕೂತವರು ಏನೂ ನೋಡದೆ ಎದ್ದು ಹೋಗುತ್ತಾರೆ. 30ರಲ್ಲಿ 19 ಪಾಲು ಜನಕ್ಕೆ ಮಾತ್ರ ಸಿಕ್ಕಿತು, ಅಂದರೆ ಸುಮಾರು 25 ಜನ, ಬಹುಪಾಲು ಎಲ್ಲರಿಗೂ ಎರಡೆರಡು ಸಲ. ಎರಡೂ ವರದಿಯಲ್ಲಿ 48 ಅಂತಲೇ ಬರೆದಿರುತ್ತದೆ. ಲೂಪಿನ ಪಟ್ಟಿ ಕೇಳದೆ ಇಂಪ್ರೆಷನ್ ಸಂಖ್ಯೆ ಒಪ್ಪಬಾರದು ಅನ್ನುವುದು ನನಗೆ ಇಲ್ಲಿ ಹೊಳೆಯಿತು.

ಇನ್ನೊಂದು ಕೊಕ್ಕೆ ಇದೆ, ನನಗೆ ತುಂಬಾ ಇಷ್ಟವಾದದ್ದು. "ಸರಾಸರಿ 18 ನಿಮಿಷ" ಅನ್ನುವುದೇ ಮೋಸ ಮಾಡಬಹುದು. ಅರ್ಧ ಜನ 6 ನಿಮಿಷ, ಇನ್ನರ್ಧ 30 ನಿಮಿಷ ಕಾದರೂ ಸರಾಸರಿ 18. ಆಗ 15 ನಿಮಿಷಕ್ಕೊಂದು ಜಾಹೀರಾತು ಇದ್ದರೆ ಬೇಗ ಹೋಗುವ 20 ಜನರಲ್ಲಿ 8 ಜನಕ್ಕೆ ಸಿಗುತ್ತದೆ, ಕಾಯುವ 20 ಜನಕ್ಕೂ ಎರಡೆರಡು. ಒಟ್ಟು 48, ರೀಚ್ 28. ಮೇಲಿನ 40 ಎಲ್ಲಿ, ಈ 28 ಎಲ್ಲಿ! ಇಂಪ್ರೆಷನ್‌ಗೆ ಸರಾಸರಿ ಸಾಕು. ರೀಚ್‌ಗೆ ಯಾರು ಎಷ್ಟು ಹೊತ್ತು ಕೂತರು ಅನ್ನುವ ಇಡೀ ಹರಡಿಕೆ ಬೇಕು.

ಆ ಸರಾಸರಿಯನ್ನು ಅಳೆಯುವುದೂ ಸುಲಭವಲ್ಲ. ಯಾವುದೋ ಹೊತ್ತಿನಲ್ಲಿ ರೂಮಿಗೆ ನುಗ್ಗಿ ಕೂತವರ ಹೆಸರು ಬರೆದುಕೊಂಡು ಅವರು ಒಟ್ಟು ಎಷ್ಟು ಹೊತ್ತು ಕಾದರು ಅಂತ ಅಳೆದರೆ 18 ಬರುವುದಿಲ್ಲ, 26 ಬರುತ್ತದೆ. ಹೆಚ್ಚು ಹೊತ್ತು ಕೂರುವವರೇ ನಮ್ಮ ಕಣ್ಣಿಗೆ ಹೆಚ್ಚು ಬೀಳುತ್ತಾರಲ್ಲ: ಆರರಲ್ಲಿ ಐದು ಸಲ ಸಿಗುವುದು 30 ನಿಮಿಷದವರೇ. ಬಾಗಿಲಲ್ಲಿ ನಿಂತು ಒಳಗೆ ಬಂದವರನ್ನು ಸಾಲಾಗಿ ಅಳೆಯಬೇಕು.

ಕೂತವರೆಲ್ಲ ನೋಡಿದವರಲ್ಲ

ಹೋದ ತಿಂಗಳು ಅಜ್ಜಿಯನ್ನು ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿದ್ದೆ. ಸುಮ್ಮನೆ ಕೂರಲಾರದೆ ಎಣಿಸಲು ಶುರುಮಾಡಿದೆ. ರೂಮಿನಲ್ಲಿ ಹನ್ನೊಂದು ಜನ. ಟಿವಿಯಲ್ಲಿ ಮೌನವಾಗಿ ಏನೋ ಓಡುತ್ತಿತ್ತು, ಏಳು ಜನ ಮೊಬೈಲಿನಲ್ಲಿ ಮುಳುಗಿದ್ದರು, ಒಬ್ಬರು ನಿದ್ದೆಯಲ್ಲಿದ್ದರು. ಅಜ್ಜಿ ಕಣ್ಣಿಗೆ ಔಷಧ ಹಾಕಿಸಿಕೊಂಡು ಕಣ್ಣು ಮುಚ್ಚಿಯೇ ಕೂತಿದ್ದಳು. ನಮ್ಮ ಲೆಕ್ಕದಲ್ಲಿ ಅವಳೂ ಒಂದು ಇಂಪ್ರೆಷನ್! ಆದರೆ ಟೋಕನ್ ಸಂಖ್ಯೆ ಅದೇ ಪರದೆಯ ಮೂಲೆಯಲ್ಲಿ ಬರುತ್ತಿದ್ದುದರಿಂದ ಪ್ರತಿ ಸಲ ಟೋಕನ್ ಗಂಟೆ ಸದ್ದಾದಾಗಲೂ ಹತ್ತು ತಲೆ ಒಟ್ಟಿಗೆ ಮೇಲೆದ್ದವು.

ಇದಕ್ಕೇ ಸಾರ್ವಜನಿಕ ಜಾಗದ ಪರದೆಗಳಲ್ಲಿ ಜಾಹೀರಾತು ಓಡಿಸುವವರ ಅಮೆರಿಕದ ಸಂಘ ಡಿಪಿಎಎ, 2008ರಲ್ಲಿ ಅದರ ಹೆಸರು ಓವಿಎಬಿ ಇದ್ದಾಗ, ಕೊಟ್ಟ ಮಾರ್ಗಸೂಚಿ ಮೂರನ್ನು ಕೇಳುತ್ತದೆ: ಪರದೆ ಕಾಣುವ ಜಾಗದಲ್ಲಿ ಇದ್ದರೇ, ಪರದೆಯನ್ನು ಗಮನಿಸಿದರೇ, ಅಲ್ಲಿ ಎಷ್ಟು ಹೊತ್ತು ಇದ್ದರು. ಮೂರೂ ಸೇರಿ ಒಂದು ಜಾಹೀರಾತಿನ ಅವಧಿಗೆ ಸಿಗುವ ಸರಾಸರಿ ಪ್ರೇಕ್ಷಕರ ಸಂಖ್ಯೆ. ಗಮನಿಸುವವರು ಅರ್ಧ ಅಂತಿಟ್ಟುಕೊಂಡರೆ ನಮ್ಮ 24 ಈಗ 12. 640ರಿಂದ 12ಕ್ಕೆ ಬಂದೆವು.

ವೆಬ್ ಜಾಹೀರಾತಿನಿಂದ ಬಂದವರು ಇಲ್ಲಿ ಗೊಂದಲವಾಗುತ್ತಾರೆ (ನಾನೂ ಆದೆ). ಅಲ್ಲಿ ಎಂಆರ್‌ಸಿ (ಪ್ರೇಕ್ಷಕರ ಎಣಿಕೆಗೆ ನಿಯಮ ಮಾಡುವ ಅಮೆರಿಕದ ಮಂಡಳಿ) ನಿಯಮದಂತೆ ವಿಡಿಯೊದ ಅರ್ಧ ಪಿಕ್ಸೆಲ್‌ಗಳು ಸತತ 2 ಸೆಕೆಂಡ್ ಪರದೆಯ ಮೇಲಿದ್ದರೆ ಅದು ನೋಡಬಹುದಾದ ಇಂಪ್ರೆಷನ್. ಗೋಡೆಯ ಟಿವಿಯಲ್ಲಿ ಪಿಕ್ಸೆಲ್ ಯಾವಾಗಲೂ ನೂರಕ್ಕೆ ನೂರು ಇರುತ್ತವೆ. ಮನುಷ್ಯ ಇದ್ದಾನೆಯೇ ಅನ್ನುವುದೇ ಇಲ್ಲಿ ಪ್ರಶ್ನೆ.

ಟಿವಿ ಇದೆಯೇ ಅನ್ನುವುದೇ ದೊಡ್ಡ ಪ್ರಶ್ನೆ

ಈ ವ್ಯಾಪಾರದಲ್ಲಿ ದುಡ್ಡು ಹೆಚ್ಚಾಗಿ ಇಂಪ್ರೆಷನ್ ಲೆಕ್ಕದಲ್ಲಿ ಓಡಾಡುವುದಿಲ್ಲ. ಇಷ್ಟು ಕ್ಲಿನಿಕ್, ಇಷ್ಟು ಸ್ಕ್ರೀನ್ ಅಂತ ಮಾರುತ್ತಾರೆ. ಹಾಗಾಗಿ ಇಲ್ಲದ ಸ್ಕ್ರೀನನ್ನು ಮಾರುವ ಆಸೆ ಹುಟ್ಟುತ್ತದೆ. ಷಿಕಾಗೊದ ಔಟ್‌ಕಮ್ ಹೆಲ್ತ್ ಪ್ರಕರಣವನ್ನು ನಮ್ಮಲ್ಲಿ ಮೊದಲ ದಿನವೇ ಓದಿಸುತ್ತಾರೆ. 2006ರಲ್ಲಿ ಕಾಂಟೆಕ್ಸ್ಟ್‌ಮೀಡಿಯಾ ಹೆಸರಿನಲ್ಲಿ ರಿಷಿ ಶಾ ಶುರುಮಾಡಿದ ಕಂಪನಿ, ಜೊತೆಗೆ ಶ್ರದ್ಧಾ ಅಗರ್ವಾಲ್. 2017ರ ಆರಂಭದಲ್ಲಿ ಹೂಡಿಕೆದಾರರಿಂದ 48.75 ಕೋಟಿ ಡಾಲರ್ ಎತ್ತಿತು. ಅದೇ ಅಕ್ಟೋಬರಿನಲ್ಲಿ ವಾಲ್ ಸ್ಟ್ರೀಟ್ ಜರ್ನಲ್ ಹುಳುಕು ಬಯಲು ಮಾಡಿತು. 2011ರಿಂದ 2017ರವರೆಗೆ ತಮ್ಮಲ್ಲಿ ಇಲ್ಲದಷ್ಟು ಜಾಹೀರಾತು ಜಾಗ ಮಾರಿ, ಕಡಿಮೆ ಓಡಿಸಿ, ಪೂರ್ತಿ ಓಡಿಸಿದಂತೆ ಬಿಲ್ ಹಾಕಿದರು ಅನ್ನುವುದು ಆರೋಪ. ಕ್ಲಿನಿಕ್ಕಿನಲ್ಲಿಟ್ಟ ಟಚ್‌ಸ್ಕ್ರೀನ್ ಟ್ಯಾಬ್ಲೆಟ್‌ಗಳನ್ನು ರೋಗಿಗಳು ಎಷ್ಟು ಮುಟ್ಟಿದರು ಅನ್ನುವ ಅಂಕಿಯನ್ನೂ ಉಬ್ಬಿಸಿದ್ದರು. 2019ರಲ್ಲಿ ಕಂಪನಿ 7 ಕೋಟಿ ಡಾಲರ್ ಪರಿಹಾರಕ್ಕೆ ಒಪ್ಪಿತು. ಶಾ, ಅಗರ್ವಾಲ್ ಮತ್ತು ಹಣಕಾಸು ನೋಡುತ್ತಿದ್ದ ಬ್ರ್ಯಾಡ್ ಪರ್ಡಿ ತಪ್ಪಿತಸ್ಥರೆಂದು 2023ರ ಏಪ್ರಿಲಿನಲ್ಲಿ ಜ್ಯೂರಿ ಹೇಳಿತು. 2024ರಲ್ಲಿ ಶಾಗೆ ಏಳೂವರೆ ವರ್ಷ ಶಿಕ್ಷೆಯಾಯಿತು.

ನನ್ನ ಕಣ್ಣಿಗೆ ಕುಟುಕಿದ್ದು ಬೇರೆ ವಿಷಯ. 2015, 2016ರ ಆದಾಯದ ಲೆಕ್ಕಕ್ಕೆ ಹೊರಗಿನ ಆಡಿಟರ್ ಸಹಿ ಇತ್ತು. ಆಡಿಟರಿಗೆ ಕೊಟ್ಟ ದಾಖಲೆಯೇ ಕಟ್ಟಿದ್ದಾಗಿದ್ದರೆ ಸಹಿ ಏನು ಮಾಡುತ್ತದೆ? ಹಣದ ಆಡಿಟ್ ಬೇರೆ, ಸ್ಕ್ರೀನಿನ ಆಡಿಟ್ ಬೇರೆ. ಅಲ್ಲಿಂದ ಮುಂದೆ, 2018ರಲ್ಲಿ, ಈ ಕ್ಷೇತ್ರದ ಸಂಘ ಪರಿಶೀಲನೆಯ ಮಾನದಂಡ ತಂದಿತು. ಬಿಪಿಎ ವರ್ಲ್ಡ್‌ವೈಡ್, ಅಲಯನ್ಸ್ ಫಾರ್ ಆಡಿಟೆಡ್ ಮೀಡಿಯಾ ಥರದ ಹೊರಗಿನ ಎಣಿಕೆ ಸಂಸ್ಥೆಗಳು ಒಳಗೆ ಬಂದವು. ಈ ಎರಡನೆಯದು 1914ರಲ್ಲಿ ಪತ್ರಿಕೆಗಳ ಪ್ರಸಾರ ಎಣಿಸಲು ಹುಟ್ಟಿದ ಅಮೆರಿಕದ ಎಬಿಸಿ (ಆಡಿಟ್ ಬ್ಯೂರೋ ಆಫ್ ಸರ್ಕ್ಯುಲೇಷನ್ಸ್), ಆಮೇಲೆ ಹೆಸರು ಬದಲಾಯಿಸಿಕೊಂಡದ್ದು. ನಮ್ಮ ಪತ್ರಿಕೆಗಳ ಪ್ರಸಾರ ಎಣಿಸುವ ಎಬಿಸಿ ಶುರುವಾದದ್ದು 1948ರಲ್ಲಿ. ಕೆಲಸ ಒಂದೇ: ಮಾರುವವನ ಬಾಯಿಮಾತನ್ನು ನಂಬದೆ ಎಣಿಸುವುದು.

ಲಾಗ್ ಸುಳ್ಳು ಹೇಳದೆಯೂ ಸುಳ್ಳಾಗುತ್ತದೆ

ಟಿವಿಯ ಹಿಂದೆ ಪ್ಲೇಯರ್ ಅಂತ ಒಂದು ಪುಟ್ಟ ಡಬ್ಬಿ ಇರುತ್ತದೆ. ಪ್ಲೇ ಆದದ್ದನ್ನು ಬರೆಯುವುದು ಅದು, ಟಿವಿಯಲ್ಲ. ಆ ಬರಹವೇ ಲಾಗ್. ರಿಸೆಪ್ಷನ್‌ನವರಿಗೆ ಗಲಾಟೆ ಅನ್ನಿಸಿ ರಿಮೋಟಿನಿಂದ ಟಿವಿ ಆರಿಸಿದರೂ ಡಬ್ಬಿ ತನ್ನ ಪಾಡಿಗೆ "10:02:00 ಶುರು, 10:02:30 ಮುಗಿಯಿತು" ಅಂತ ಬರೆಯುತ್ತಲೇ ಇರುತ್ತದೆ. ಎಚ್‌ಡಿಎಂಐ ಕೇಬಲ್ ಸಿಕ್ಕಿಸಿದೆಯೇ ಅಂತ ನೋಡಿದರೂ ಪ್ರಯೋಜನ ಕಡಿಮೆ. ಎಷ್ಟೋ ಟಿವಿಗಳು ಸ್ಟ್ಯಾಂಡ್‌ಬೈನಲ್ಲಿದ್ದರೂ ಹೌದು ಅನ್ನುತ್ತವೆ. ಸಿಇಸಿ (ಅದೇ ಕೇಬಲ್‌ನಲ್ಲಿ ಡಬ್ಬಿ, ಟಿವಿ ಒಂದಕ್ಕೊಂದು ಮಾತಾಡುವ ವ್ಯವಸ್ಥೆ) ಮೂಲಕ ಟಿವಿಯ ಪವರ್ ಸ್ಥಿತಿಯನ್ನೇ ಕೇಳಿ ಬರೆದಿಟ್ಟಿದ್ದಾರೆಯೇ ಅಂತ ವಿಚಾರಿಸಬೇಕು.

ಇನ್ನು ಅಚ್ಚುಕಟ್ಟಾದ ಲಾಗ್ ಕಂಡರೆ ನನಗೆ ಈಗ ಅನುಮಾನ. ನಿಜವಾದ ಲಾಗ್ ಕೊಳಕಾಗಿರುತ್ತದೆ: ರೀಬೂಟ್, ವೈಫೈ ಹೋಗಿ ಎರಡು ದಿನ ಮೌನ, ಆಮೇಲೆ ಎಲ್ಲ ಒಟ್ಟಿಗೆ ಸುರಿಯುವುದು. ಅಮೆರಿಕದ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಗುರುವಾರ ಕ್ಲಿನಿಕ್ ಮುಚ್ಚಿರುತ್ತದೆ. ಆ ದಿನದ 16 ಪ್ಲೇ ನಿಜವೇ ಇರಬಹುದು, ಆದರೆ ನೋಡಿದವರು ಕುರ್ಚಿಗಳು.

ಯಾವ ಕ್ಲಿನಿಕ್ಕಿನಲ್ಲಿ ಯಾವ ಡಾಕ್ಟರ್ ಅನ್ನುವ ಪಟ್ಟಿ ಹೊಂದಿಸುವುದನ್ನು ಬೇಗ ಮುಗಿಸುತ್ತೇನೆ. ಅಲ್ಲಿನ ಡಾಕ್ಟರುಗಳಿಗೆ ಎನ್‌ಪಿಐ ಅನ್ನುವ 10 ಅಂಕಿಯ ಗುರುತಿನ ಸಂಖ್ಯೆ ಇರುತ್ತದೆ, ಕೊನೆಯದು ಮೊದಲ ಒಂಬತ್ತರಿಂದ ಲೆಕ್ಕ ಹಾಕಿ ಬರುವ ಪರೀಕ್ಷಾ ಅಂಕಿ. ಟೈಪಿಂಗ್ ತಪ್ಪುಗಳು ಇಲ್ಲೇ ಸಿಕ್ಕಿಬೀಳುತ್ತವೆ. ಒಬ್ಬರೇ ಡಾಕ್ಟರ್ ಎರಡು ಕ್ಲಿನಿಕ್ಕಿನಲ್ಲಿ ಕೂತರೆ ಎರಡು ಸಲ ಎಣಿಸಬೇಡಿ. ಜಾಹೀರಾತಿನಿಂದ ಚೀಟಿ ಹೆಚ್ಚಾಯಿತೇ ಅನ್ನುವುದಕ್ಕೆ ಟಿವಿ ಇಲ್ಲದ, ಆದರೆ ಮೊದಲಿನಿಂದ ಅಷ್ಟೇ ಚೀಟಿ ಬರೆಯುವ ಡಾಕ್ಟರುಗಳ ಜೊತೆ ಹೋಲಿಸುತ್ತಾರೆ. ಟಿವಿ ಹಾಕಿಸಿಕೊಳ್ಳುವ ಕ್ಲಿನಿಕ್ ಮೊದಲೇ ದೊಡ್ಡದಿದ್ದರೆ ಹೋಲಿಕೆ ಕೆಟ್ಟಿತು.

ಫೀನಿಕ್ಸ್

ಕೊನೆಯದಾಗಿ, ನನ್ನ ಮಾನ ಕಳೆದದ್ದು. ಲಾಗ್ ಯುಟಿಸಿಯಲ್ಲಿ (ಜಗತ್ತಿಗೆಲ್ಲ ಒಂದೇ ಆದ ಮೂಲ ಸಮಯದಲ್ಲಿ) ಬರುತ್ತದೆ, ಕ್ಲಿನಿಕ್ಕಿನ ಸಮಯಕ್ಕೆ ತಿರುಗಿಸಬೇಕು. ಅಮೆರಿಕದವರಂತೆ ಬೇಸಿಗೆಗೆ ಗಡಿಯಾರವನ್ನು ಒಂದು ಗಂಟೆ ಮುಂದೆ, ಆಮೇಲೆ ಹಿಂದೆ ತಿರುಗಿಸುವ ಪದ್ಧತಿ ನಮ್ಮಲ್ಲಿ ಇಲ್ಲ, ನನಗೆ ಅದು ಅಭ್ಯಾಸವೂ ಇಲ್ಲ. ಮಾರ್ಚ್‌ನ ಎರಡನೇ ಭಾನುವಾರ ಆದ ಮೇಲೆ ಮೌಂಟನ್ ಟೈಮ್ ಅನ್ನುವ ಅಮೆರಿಕದ ಸಮಯ ವಲಯದ ಎಲ್ಲ ಊರಿಗೂ 6 ಗಂಟೆ ಕಳೆದೆ. ಫೀನಿಕ್ಸಿನ ಕ್ಲಿನಿಕ್‌ಗಳೆಲ್ಲ 8ಕ್ಕೆ ಬದಲು 9ಕ್ಕೆ ಶುರುವಾಗಿ, 5ಕ್ಕೆ ಬಾಗಿಲು ಹಾಕಿದ ಮೇಲೆ 6ರವರೆಗೆ ಜಾಹೀರಾತು ಓಡಿಸುತ್ತಿದ್ದವು. "ಮುಚ್ಚಿದ ಮೇಲೂ ಪ್ಲೇ, ಅನುಮಾನಾಸ್ಪದ" ಅಂತ ಕೆಂಪು ಬಣ್ಣ ಬಳಿದು ಕಳಿಸಿದೆ. ಫೀನಿಕ್ಸ್ ಇರುವ ಅರಿಜೋನ ರಾಜ್ಯದಲ್ಲಿ ಗಡಿಯಾರ ತಿರುಗಿಸುವುದಿಲ್ಲ. ವರ್ಷವಿಡೀ 7 ಗಂಟೆಯೇ ಕಳೆಯಬೇಕು. ಕ್ಲಿನಿಕ್‌ಗಳದ್ದು ಏನೂ ತಪ್ಪಿರಲಿಲ್ಲ.

ಸರಿ, ಅರಿಜೋನ ಅಂದರೆ 7 ಅಂತ ನಿಯಮ ಬರೆದೆ. ಮರುದಿನ ಪಕ್ಕದ ಸೀಟಿನವಳು ನೆನಪಿಸಿದಳು: ಅದೇ ರಾಜ್ಯದೊಳಗಿರುವ ನವಾಹೊ ನೇಷನ್ ಅನ್ನುವ ಮೂಲನಿವಾಸಿಗಳ ಸೀಮೆಯಲ್ಲಿ ಗಡಿಯಾರ ತಿರುಗಿಸುತ್ತಾರೆ. ಈಗ ರಾಜ್ಯದ ಹೆಸರಿನ ಕಾಲಂ ತೆಗೆದುಹಾಕಿ, ಪ್ರತಿ ಕ್ಲಿನಿಕ್ಕಿನ ವಿಳಾಸಕ್ಕೇ ಟೈಮ್‌ಜೋನ್ ಹಾಕಿಟ್ಟಿದ್ದೇನೆ.