ಫಾಸೆಟ್ ಮತ್ತು ಸಿಂಕ್: ಬಿಸಿನೆಸ್ ಗೇಮ್‌ನ ದುಡ್ಡು ಎಲ್ಲಿ ಹುಟ್ಟುತ್ತದೆ, ಎಲ್ಲಿ ಕರಗುತ್ತದೆ

ಆನ್‌ಲೈನ್ ಬಿಸಿನೆಸ್ ಗೇಮ್‌ಗಳಲ್ಲಿ ಹೊಸ ದುಡ್ಡು ಹುಟ್ಟುವ ದಾರಿಗೆ ಫಾಸೆಟ್ ಎನ್ನುತ್ತಾರೆ. ಯಾರ ಖಾತೆಗೂ ಸೇರದೆ ದುಡ್ಡು ಅಳಿದುಹೋಗುವ ದಾರಿಗೆ ಸಿಂಕ್. ಸಿಸ್ಟಂ, ಅಂದರೆ ಆಟದ ಸಾಫ್ಟ್‌ವೇರ್, ಸೃಷ್ಟಿಸಿದ ಗಿರಾಕಿಗೆ ಸರಕು ಮಾರಿದಾಗ ಬರುವ ಹಣ ಫಾಸೆಟ್. ಕಾರ್ಖಾನೆ ರಿಪೇರಿಗೆ, ಲೈಸೆನ್ಸಿಗೆ ಸಿಸ್ಟಂಗೆ ಕಟ್ಟಿದ್ದು ಸಿಂಕ್.

ಎಡವಟ್ಟಾಗುವುದು ಆಟಗಾರರ ನಡುವಿನ ವ್ಯವಹಾರದಲ್ಲಿ. ಒಬ್ಬ ಆಟಗಾರ ಇನ್ನೊಬ್ಬನಿಂದ 10 ಲಕ್ಷಕ್ಕೆ ಉಕ್ಕು ಕೊಂಡರೆ ದುಡ್ಡು ಕೈ ಬದಲಾಯಿಸಿತು, ಅಷ್ಟೇ. ಅದರ ಮೇಲೆ 4% ಶುಲ್ಕವಿದ್ದರೆ ಆ 40,000 ಮಾತ್ರ ಸಿಂಕ್. ಕೊನೆಗೆ ದುಡ್ಡು ಯಾರ ಖಾತೆಯಲ್ಲಿ ಕೂತಿತು ಎಂದು ಕೇಳಿದರೆ ಸಾಕು, ಗೊತ್ತಾಗಿಬಿಡುತ್ತದೆ.

ಹಣದ ಸಿಂಕ್ ಬೇರೆ, ಸರಕಿನ ಸಿಂಕ್ ಬೇರೆ. ಐಸ್‌ಲ್ಯಾಂಡಿನ ಸಿಸಿಪಿ ಕಂಪನಿ 2003ರಲ್ಲಿ ಶುರುಮಾಡಿದ ಈವ್ ಆನ್‌ಲೈನ್ ಎಂಬ ಬಾಹ್ಯಾಕಾಶ ಆಟದಲ್ಲಿ ಹಡಗು ಸ್ಫೋಟಗೊಂಡರೆ ಹಡಗು, ಅಂದರೆ ಅದಕ್ಕೆ ಹಾಕಿದ ಖನಿಜ, ಶಾಶ್ವತವಾಗಿ ಹೋಯಿತು. ಆದರೆ ವಿಮೆ ಮಾಡಿಸಿದ್ದರೆ ಪರಿಹಾರವನ್ನು ಸಿಸ್ಟಂ ಹೊಸದಾಗಿ ಸೃಷ್ಟಿಸಿ ಕೊಡುತ್ತದೆ. ಹಾಗಾಗಿ ಒಂದೇ ಸ್ಫೋಟ ಸರಕಿಗೆ ಸಿಂಕ್, ಹಣಕ್ಕೆ ಫಾಸೆಟ್! ಮೊದಲು ಈ ಪರಿಹಾರದ ಮೊತ್ತ ಸ್ಥಿರವಾಗಿತ್ತು. ಖನಿಜ ಅಗ್ಗವಾದಾಗ ಜನ ಹಡಗು ಕಟ್ಟಿ, ವಿಮೆ ಮಾಡಿಸಿ, ತಾವೇ ಸಿಡಿಸಿ ಲಾಭ ಎಣಿಸಿದರು. 2010ರಲ್ಲಿ ಪರಿಹಾರವನ್ನು ಮಾರುಕಟ್ಟೆ ಬೆಲೆಗೆ ತಳುಕು ಹಾಕಿದ ಮೇಲೆ ಆ ದಂಧೆ ಸೊರಗಿತು.

ಕಾರ್ಖಾನೆ ಆಟಗಳ ರೋಗ ಇನ್ನೊಂದು ಬಗೆಯದು. ಒಂದು ಘಟಕಕ್ಕೆ 1 ಲಕ್ಷ, ಅದರಿಂದ ದಿನಕ್ಕೆ 10,000 ಲಾಭ ಎಂದಿಟ್ಟುಕೊಳ್ಳಿ. ಹತ್ತು ದಿನಕ್ಕೊಮ್ಮೆ ಲಾಭವನ್ನೆಲ್ಲ ಹೊಸ ಘಟಕಕ್ಕೆ ಸುರಿದರೆ 30ನೇ ದಿನಕ್ಕೆ ಎಂಟು ಘಟಕ. 31ನೇ ದಿನ ಬಂದವನ ಕೈಲಿ ಒಂದೇ. ಸ್ಥಿರ ಶುಲ್ಕ ಹಾಕಿದರೆ ಪೆಟ್ಟು ಬೀಳುವುದು ಈ ಹೊಸಬನಿಗೇ. ಹಳಬನಿಗೆ ಅದು ಚಿಲ್ಲರೆ ಕಾಸು.

ಇದಕ್ಕೆ ರೂಢಿಯ ಮದ್ದು ಆಡಳಿತ ವೆಚ್ಚ. ಪ್ರತಿ ಹೆಚ್ಚುವರಿ ಘಟಕಕ್ಕೆ, ಇರುವ ಎಲ್ಲ ಘಟಕಗಳ ಲಾಭದಿಂದಲೂ ತಲಾ 1,000 ಕತ್ತರಿಸಿ ನೋಡಿ. ಐದು ಘಟಕಕ್ಕೂ ಆರಕ್ಕೂ ಒಟ್ಟು ಲಾಭ ದಿನಕ್ಕೆ 30,000, ಹನ್ನೊಂದಕ್ಕೆ ಸೊನ್ನೆ. ಲೆಕ್ಕ ಚೆನ್ನಾಗಿದೆ, ಆದರೆ ಇಷ್ಟು ಬಿಗಿ ಮಾಡಿದರೆ ಆರನೇ ಘಟಕ ಕಟ್ಟುವ ಬದಲು ಆಟಗಾರ ಎರಡನೇ ಖಾತೆ ತೆರೆಯುತ್ತಾನೆ. ಕಡಿತವನ್ನು 200ಕ್ಕೆ ಇಳಿಸಿ, ಜೊತೆಗೆ ಪೂರೈಕೆ ಹೆಚ್ಚಿದಂತೆ ಸಿಸ್ಟಂ ಗಿರಾಕಿ ಕೊಡುವ ಬೆಲೆಯೂ ಇಳಿಯುವಂತೆ ಮಾಡುವುದು ಮೇಲು. ಆ ಬೆಲೆ ಎಲ್ಲರ ಒಟ್ಟು ಪೂರೈಕೆಯನ್ನು ನೋಡುವುದರಿಂದ ಖಾತೆ ಒಡೆದರೂ ತಪ್ಪಿಸಿಕೊಳ್ಳಲಾಗದು.

ಸರಿಪಡಿಸುವ ಮುನ್ನ ಪ್ರತಿ ವ್ಯವಹಾರಕ್ಕೂ ಫಾಸೆಟ್, ಸಿಂಕ್, ವರ್ಗಾವಣೆ ಎಂಬ ಗುರುತು ಹಾಕಿ, ಫಾಸೆಟ್‌ನಿಂದ ಸಿಂಕ್ ಕಳೆದು ಉಳಿಯುವ ದಿನದ ನಿವ್ವಳ ಮೊತ್ತವನ್ನು ಸಕ್ರಿಯ ಆಟಗಾರರ ಸಂಖ್ಯೆಯಿಂದ ಭಾಗಿಸಿ. ಅದು ಏರುತ್ತಿದ್ದು ಬೆಲೆಗಳೂ ಏರುತ್ತಿದ್ದರೆ ಹಣದ ಸಿಂಕ್ ಸಾಲದು. ಹಣ ಏರುತ್ತಿದ್ದರೂ ಬೆಲೆ ಕುಸಿಯುತ್ತಿದ್ದರೆ ಮೊದಲು ಗೋದಾಮು ನೋಡಿ. ಹೆಚ್ಚಿನ ಸಲ ಸವೆಯದ ಯಂತ್ರ, ಕೆಡದ ಸರಕು ಅಲ್ಲಿ ರಾಶಿ ಬಿದ್ದಿರುತ್ತದೆ. ಆಗ ತೆರಿಗೆ ಹೆಚ್ಚಿಸಿದರೆ ಕೊಳ್ಳುವವರು ಇನ್ನೂ ಹಿಂದೆ ಸರಿದು ಬೆಲೆ ಮತ್ತಷ್ಟು ಬೀಳುತ್ತದೆ, ಬೇಕಿರುವುದು ಸವಕಳಿ.